ಮಿಷಿಗನ್ ಶಾಸನಭವನ: ಉಚಿತ ಸುತ್ತಾಟ, ಕುತ್ತಿಗೆ ನೋವು

ಮಗಳ ಮನೆಗೆ ಬಂದವನು ಲ್ಯಾನ್ಸಿಂಗ್‌ನ ಶಾಸನಭವನ ನೋಡಿದೆ. ಮಾರ್ಗದರ್ಶಿ ಸಹಿತ ಎಲ್ಲವೂ ಉಚಿತ. 1879ರ ಕಟ್ಟಡ, ಗುಮ್ಮಟದ ಕೆಳಗಿನ ನೆಲಕ್ಕೆ 976 ಗಾಜಿನ ತುಂಡುಗಳು. ಚಪ್ಪಲಿ ಕಳಚಬೇಕೇ ಎಂದು ಕೇಳಿ ಮಗಳನ್ನು ನಗಿಸಿದೆ.

ಕೆಳಮನೆಯ ಗ್ಯಾಲರಿಯಿಂದ ಏಳುವ ಮನಸ್ಸೇ ಆಗಲಿಲ್ಲ. ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2021ರಿಂದ ಎರಡು ವರ್ಷ ಇದೇ ಸಭೆಯ 110 ಸದಸ್ಯರಲ್ಲೊಬ್ಬರು! 2018ರಲ್ಲಿ ಗವರ್ನರ್ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದ ಉಮೇದುವಾರಿಕೆ ಬಯಸಿ ಸೋತಿದ್ದವರು, ಇಲ್ಲಿ ಒಂದೇ ಅವಧಿ ಮುಗಿಸಿ ವಾಷಿಂಗ್ಟನ್‌ಗೆ ಆರಿಸಿಹೋದರು. ಅವಧಿಯಾದರೂ ಎಷ್ಟು? ಎರಡೇ ವರ್ಷ. ಕುರ್ಚಿ ಬಿಸಿಯಾಗುವ ಮೊದಲೇ ಮತ್ತೆ ಮತ ಕೇಳಬೇಕು. ನಮ್ಮ ಶಾಸಕರಿಗೆ ಹೇಳಿದರೆ ಜ್ವರ ಬಂದೀತು.

ಗುಮ್ಮಟ ನೋಡಿ ನೋಡಿ ಕುತ್ತಿಗೆ ಹಿಡಿದುಕೊಂಡಿತು. ಮೊಣಕಾಲು ನೋವಿದ್ದವರು ಲಿಫ್ಟ್ ಹಿಡಿಯಿರಿ.