ಓಮ್ನಿಯ ತುಕ್ಕಿನ ತೂತಿಗೆ ಯಾವ್ದು ನಿಲ್ಲುತ್ತೆ: ಎಂ-ಸೀಲ್, ಜಾಳಿಗೆ-ಪಟ್ಟಿ, ಫೈಬರ್, ತಗಡು, ವೆಲ್ಡಿಂಗ್

ದಾವಣಗೆರೆಲಿ ಕಾರಿಗೆ ಅಷ್ಟೊಂದು ತುಕ್ಕು ಹಿಡಿಯುತ್ತಾ ಅಂತ ಕರಾವಳಿ ಕಡೆಯೋರು ಕೇಳ್ತಾರೆ. ಸಮುದ್ರದ ಗಾಳಿ ಇಲ್ಲ, ಮಲೆನಾಡಿನಂಥ ಮಳೆ ಇಲ್ಲ, ಅದೆಲ್ಲ ನಿಜ. ಆದ್ರೆ ನಮ್ಮ ಕಡೆ ಓಮ್ನಿ ಅಂದ್ರೆ ಮದುವೆಗೂ ಅದೇ ಗದ್ದೆಗೂ ಅದೇ, ಭದ್ರಾ ಚಾನಲ್ ಏರಿ ಮೇಲಿನ ಕೆಸರಲ್ಲಿ ಓಡ್ಬೇಕು, ವಾಪಸ್ ಬರೋವಾಗ ಗೊಬ್ಬರದ ಚೀಲನೂ ಹೊರಬೇಕು. ಎರೆ ಮಣ್ಣು ವೀಲ್ ಆರ್ಚ್ ಒಳಗೆ, ಅಂದ್ರೆ ಚಕ್ರದ ಮೇಲಿನ ಕಮಾನಿನ ಒಳಗೆ, ಮೆತ್ಕೊಂಡ್ರೆ ಮೇಲೆ ಒಣಗಿದಂಗೆ ಕಂಡ್ರೂ ಒಳಗೆ ಹಸಿ ಹಂಗೇ ಇರುತ್ತೆ. ಚೀಲದಿಂದ ಉದುರಿದ ಪೊಟ್ಯಾಷ್ ಅಂತೂ ಪೊಟ್ಯಾಸಿಯಂ ಕ್ಲೋರೈಡ್, ಅದೂ ಉಪ್ಪೇ, ಮ್ಯಾಟ್ ಕೆಳಗೆ ಸೇರ್ಕೊಂಡ್ರೆ ಸ್ವಲ್ಪ ನೀರು ಸಿಕ್ಕಿದ್ರೂ ಸಾಕು ತಗಡನ್ನ ತಿನ್ನೋಕೆ ಶುರು ಮಾಡುತ್ತೆ.

ಓಮ್ನಿ ತಯಾರಿಕೆ 2019ರಲ್ಲೇ ನಿಂತೋಯ್ತು, ಅಂದ್ರೆ ಈಗ ರೋಡಲ್ಲಿರೋವೆಲ್ಲ ಹಳೇವೇ, ಹೊಸ ಡೋರ್ ಹಾಕ್ಸೋಣ ಅಂದ್ರೆ ಗಾಡಿ ರೇಟಿಗೂ ಡೋರು ಪೇಂಟಿನ ಖರ್ಚಿಗೂ ತಾಳೆ ಆಗಲ್ಲ. ಅದಕ್ಕೆ ನನ್ನ ಗಾಡಿಲಿ ಬೇರೆ ಬೇರೆ ಜಾಗದ ತೂತಿಗೆ ಬೇರೆ ಬೇರೆ ರಿಪೇರಿ ಮಾಡಿ ನೋಡಿದೀನಿ. ಒಂದೇ ಗಾಡಿ, ಒಂದೇ ಮಳೆಗಾಲ, ಒಂದೇ ಕೆಸರು, ಹಂಗಾಗಿ ಹೋಲಿಸಿ ಹೇಳೋಕೆ ಧೈರ್ಯ ಐತೆ.

ಮೊದ್ಲು ಒಂದು ವಿಷಯ ತಲೇಲಿ ಇಟ್ಕೊಳ್ರಿ, ಡೋರಿನ ತೂತು ಹೊರಗಿಂದ ಬರಲ್ಲ, ಒಳಗಿಂದ ಬರುತ್ತೆ. ಗ್ಲಾಸ್ ರಬ್ಬರ್ ಸಂದಿಲಿ ಇಳಿಯೋ ನೀರು ಡೋರಿನ ಕೆಳಗಿರೋ ಸಣ್ಣ ತೂತಿಂದ ಹೊರಗೆ ಹೋಗ್ಬೇಕು, ಆ ತೂತು ಮಣ್ಣಿಂದ ಮುಚ್ಕೊಂಡ್ರೆ ನೀರು ಒಳಗೇ ನಿಲ್ಲುತ್ತೆ. ಕಬ್ಬಿಣ ತುಕ್ಕಾದ್ಮೇಲೆ ಮೊದ್ಲಿಗಿಂತ ಜಾಸ್ತಿ ಜಾಗ ಕೇಳುತ್ತೆ, ಅದಕ್ಕೇ ಪೇಂಟ್ ಗುಳ್ಳೆ ಏಳೋದು. ಹೊರಗೆ ಗುಳ್ಳೆ ಕಾಣೋ ಹೊತ್ತಿಗೆ ಒಳಗಡೆ ಮುಗ್ದೋಗಿರುತ್ತೆ. ಹಂಗಾಗಿ ಅಂಗಡಿಲಿ ಯಾವ ಡಬ್ಬಿ ತಗೊಂಡ್ರಿ ಅನ್ನೋದಕ್ಕಿಂತ, ತೂತಿನ ಹಿಂಭಾಗಕ್ಕೆ ನಿಮ್ಮ ಕೈ ಹೋಗುತ್ತಾ ಇಲ್ವಾ ಅನ್ನೋದು ದೊಡ್ಡ ಪ್ರಶ್ನೆ.

ತಯಾರಿ ಎಲ್ಲದಕ್ಕೂ ಒಂದೇ. ಸ್ಕ್ರೂಡ್ರೈವರಲ್ಲಿ ತೂತಿನ ಸುತ್ತ ಚುಚ್ಚಿ ನೋಡ್ರಿ, ಮೆತ್ತಗಿರೋದೆಲ್ಲ ಹೋಗ್ಲಿ, ಕಡ್ಲೆ ಕಾಳಿನಷ್ಟಿದ್ದ ತೂತು ರೂಪಾಯಿ ನಾಣ್ಯದಷ್ಟಾದ್ರೂ ಹೆದರ್ಬೇಡಿ, ಗಟ್ಟಿ ತಗಡು ಸಿಗೋವರೆಗೂ ಬಿಡ್ಬೇಡಿ. ಆಮೇಲೆ ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಹೊಳೆಯೋ ತಗಡು ಕಾಣೋ ತನಕ ಉಜ್ಜಬೇಕು, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು, ಆ ಬ್ರಷ್ಷಿನ ತಂತಿ ಕಿತ್ಕೊಂಡು ಹಾರುತ್ತೆ. ಸಣ್ಣ ಗುಂಡಿಗಳಲ್ಲಿ ಉಳ್ಕೊಳ್ಳೋ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರೋ ರಸ್ಟ್ ಕನ್ವರ್ಟರ್ ಹಚ್ಚಿದ್ರೆ ಅದು ತುಕ್ಕನ್ನ ಐರನ್ ಫಾಸ್ಫೇಟ್ ಮಾಡುತ್ತೆ, ಪದರ ಪದರವಾಗಿ ಎದ್ದಿರೋ ತುಕ್ಕಿಗೆ ಮಾತ್ರ ಅದು ಕೆಲಸ ಮಾಡಲ್ಲ, ಅದನ್ನ ಕೆರೆದೇ ತೆಗೀಬೇಕು. ಕೆಲಸ ಆದ್ಮೇಲೆ ಒರೆಸಿ ಪೂರ್ತಿ ಒಣಗಿಸ್ರಿ, ಆಸಿಡ್ ಉಳಿದ್ರೆ ಮೇಲೆ ಹಾಕೋ ಪಟ್ಟಿ (ತಗ್ಗು ತುಂಬೋ ಬಾಡಿ ಫಿಲ್ಲರ್ ಪೇಸ್ಟ್) ಸರಿಯಾಗಿ ಸೆಟ್ ಆಗಲ್ಲ.

ಈಗ ಒಂದೊಂದಾಗಿ.

ಎಂ-ಸೀಲ್ ಎಲ್ಲರಿಗೂ ಗೊತ್ತಿರೋದೇ. ಮಂಡಿಪೇಟೆ ಕಡೆ ಯಾವ ಹಾರ್ಡ್‌ವೇರ್ ಅಂಗಡಿಲಾದ್ರೂ ಸಿಗುತ್ತೆ, ಎರಡು ಭಾಗ ಸಮ ಸಮ ಕಲಸಿ ಒತ್ತೋದು ಅಷ್ಟೇ. ಇದು ಎಪಾಕ್ಸಿ, ಅಂದ್ರೆ ಎರಡು ಭಾಗ ಕಲಸಿದ್ರೆ ಗಟ್ಟಿಯಾಗೋ ಅಂಟು, ಪಟ್ಟಿ ಥರ ನೀರು ಹೀರ್ಕೊಳ್ಳಲ್ಲ, ಇದೇ ಇದರ ದೊಡ್ಡ ಗುಣ. ರೂಫಿನ ಗಟರ್ ಪಕ್ಕ ಬಂದಿದ್ದ ಸೂಜಿ ತೂತಿಗೆ ಇದನ್ನ ಹಾಕಿದೀನಿ, ತೂತಿನ ಒಳಕ್ಕೂ ಸ್ವಲ್ಪ ದಾಟಿ ಹೋಗೋ ಹಂಗೆ ಬೆರಳಲ್ಲಿ ಒತ್ತಿ, ಮೇಲೆ ಪ್ರೈಮರ್ ಪೇಂಟ್ ಹೊಡೆದ್ರೆ ಆಯ್ತು, ಇವತ್ತಿಗೂ ಒಂದು ಹನಿ ಇಳೀತಿಲ್ಲ. ಆದ್ರೆ ಬೆರಳ ತುದಿಗಿಂತ ದೊಡ್ಡ ತೂತಿಗೆ, ಅದರಲ್ಲೂ ಸ್ಲೈಡಿಂಗ್ ಡೋರಿಗೆ, ಇದು ಬೇಡ. ಓಮ್ನಿ ಡೋರ್ ಎಳೆದು ಧಡಾರ್ ಅಂತ ಹಾಕೋದು ಎಲ್ಲರ ಅಭ್ಯಾಸ, ತಗಡು ಅದುರುತ್ತೆ, ಎಂ-ಸೀಲ್ ಅದುರಲ್ಲ, ಅಂಚಲ್ಲಿ ಸುತ್ತ ಉಂಗುರದಂಗೆ ಬಿರುಕು ಬಿಟ್ಕೊಳ್ಳುತ್ತೆ, ಅಲ್ಲಿಂದ ನೀರು ಒಳಗೆ.

ಜಾಳಿಗೆ ಇಟ್ಟು ಪಟ್ಟಿ ಹೊಡೆಯೋದು ಎರಡನೇದು. ಅಲ್ಯೂಮಿನಿಯಂ ಜಾಳಿಗೆ ಕತ್ತರಿಸಿ ತೂತಿಗೆ ಕೂರಿಸಿ ಮೇಲೆ ಬಾಡಿ ಪಟ್ಟಿ ಎಳೆದು ಉಜ್ಜಿ ಪೇಂಟ್ ಹೊಡೆದ್ರೆ ಒಂದು ಸಂಜೆಲಿ ಏನೂ ಆಗಿಲ್ಲ ಅನ್ನೋ ಥರ ಕಾಣುತ್ತೆ, ನೋಡೋಕೆ ಇದರಷ್ಟು ಚೆಂದ ಇನ್ಯಾವ್ದೂ ಬರಲ್ಲ. ಬಾಳಿಕೆ ಮಾತ್ರ ಎಲ್ಲಕ್ಕಿಂತ ಕಮ್ಮಿ. ಬಾಡಿ ಪಟ್ಟಿ ಅಂದ್ರೆ ಪಾಲಿಯೆಸ್ಟರ್ ರೆಸಿನ್ ಅನ್ನೋ ಅಂಟು ದ್ರವದ ಜೊತೆ ಟಾಲ್ಕ್ ಪುಡಿ, ಅದು ಪಸೆ ಎಳ್ಕೊಳ್ಳುತ್ತೆ, ಹಿಂದಗಡೆ ಬೆತ್ತಲೆ ಪಟ್ಟಿಗೆ ಚಕ್ರದ ನೀರು ಹೊಡೀತಾ ಇದ್ರೆ ಆ ಪಸೆ ನೇರ ತಗಡಿಗೆ ಹೋಗುತ್ತೆ. ಎಡಗಡೆ ವೀಲ್ ಆರ್ಚಿಗೆ ಹಿಂಗೆ ಮಾಡಿದ್ದು ಒಂದು ಮಳೆಗಾಲ ಕಳೆಯೋ ಹೊತ್ತಿಗೆ ಗುಳ್ಳೆ ಎದ್ದಿತ್ತು. ಪಟ್ಟಿ ಇರೋದು 2-3 ಎಂಎಂ ತಗ್ಗು ಸಮ ಮಾಡೋಕೆ, ತೂತು ಮುಚ್ಚೋಕಲ್ಲ. ಇನ್ನೊಂದು, ಮಾಮೂಲಿ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಅದರ ಮೇಲೆ ಪಟ್ಟಿ ಹಾಕೋರು ತುಂಬಾ ಜನ ಇದಾರೆ, ಪಟ್ಟಿಲಿರೋ ಸ್ಟೈರೀನ್ ಅನ್ನೋ ದ್ರಾವಕ ಆ ಪ್ರೈಮರನ್ನೇ ಮೆತ್ತಗೆ ಮಾಡಿ ಎಬ್ಬಿಸುತ್ತೆ. ಪಟ್ಟಿ ಹಾಕೋದಿದ್ರೆ ಉಜ್ಜಿದ ಬರಿ ತಗಡಿನ ಮೇಲೆ, ಇಲ್ಲಾಂದ್ರೆ ಎರಡು ಡಬ್ಬಿ ಕಲಸೋ ಎಪಾಕ್ಸಿ ಪ್ರೈಮರ್ ಮೇಲೆ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಪಟ್ಟಿ ಗಟ್ಟಿ ಮಾಡೋ ಹಾರ್ಡ್ನರ್ ಜಾಸ್ತಿ ಹಾಕಿದ್ರೆ ಪಟ್ಟಿ ತಟ್ಟೆಲೇ ಕಲ್ಲಾಗುತ್ತೆ, ಬೆಳಿಗ್ಗೆ ನೆರಳಲ್ಲಿ ಸ್ವಲ್ಪ ಸ್ವಲ್ಪವೇ ಕಲಸ್ಕೊಳ್ರಿ.

ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರು ಇದಕ್ಕೇ ಜೇಬಲ್ಲಿ ಒಂದು ಸಣ್ಣ ಮ್ಯಾಗ್ನೆಟ್ ಇಟ್ಕೊಂಡು ಹೋಗ್ರಿ, ಬಟ್ಟೆಲಿ ಸುತ್ತಿ ಡೋರಿನ ಕೆಳಗೆ, ವೀಲ್ ಆರ್ಚ್ ಸುತ್ತ ಸವರಿ ನೋಡ್ರಿ, ಹಿಡೀದೆ ಜಾರಿದ ಕಡೆ ಒಳಗೆ ದಪ್ಪ ಪಟ್ಟಿ ಐತೆ ಅಂತಲೇ ಅರ್ಥ.

ಫೈಬರ್ ವಿಷಯಕ್ಕೆ ಬಂದ್ರೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ, ಜನ ಇದನ್ನ ಹಾಕಬಾರದ ಕಡೆ ಹಾಕಿ ಬೈತಾರೆ. ಹಿಂದಿನ ಸೀಟ್ ಕೆಳಗೆ ಫ್ಲೋರಿನ ಮೂಲೆಲಿ, ಪೊಟ್ಯಾಷ್ ತಿಂದ ಜಾಗದಲ್ಲಿ, ಗ್ಲಾಸ್ ಎಳೆಯ ಫೈಬರ್ ಮ್ಯಾಟ್ ಮತ್ತೆ ಪಾಲಿಯೆಸ್ಟರ್ ರೆಸಿನ್ ಹಾಕಿದೀನಿ, ಮೇಲಿಂದನೂ ಕೆಳಗಿಂದನೂ ಕೈ ಹೋಗೋ ಜಾಗ ಆಗಿದ್ರಿಂದ ಎರಡೂ ಕಡೆ ಪದರ ಕೂರಿಸೋಕಾಯ್ತು, ಚೆನ್ನಾಗಿ ನಿಂತಿದೆ. ಪಾಲಿಯೆಸ್ಟರ್ ರೆಸಿನ್ ಕಬ್ಬಿಣಕ್ಕೆ ಅಷ್ಟು ಗಟ್ಟಿಯಾಗಿ ಅಂಟಲ್ಲ, ಅದಕ್ಕೆ ಒರಟು 40 ನಂಬರ್ ಪೇಪರಲ್ಲಿ ಗೀರು ಬೀಳೋ ಹಂಗೆ ಉಜ್ಜಿ, ತೂತಿನ ಸುತ್ತ ಎರಡು ಇಂಚಾದ್ರೂ ಮ್ಯಾಟ್ ಹರಡ್ಬೇಕು. ಎಪಾಕ್ಸಿ ರೆಸಿನ್ ಇದಕ್ಕಿಂತ ಚೆನ್ನಾಗಿ ಹಿಡಿಯುತ್ತೆ, ಆದ್ರೆ ಅದಕ್ಕೆ ಉದುರು ಎಳೆಯ ಚಾಪ್ಡ್ ಮ್ಯಾಟ್ ಬೇಡ, ನೇಯ್ದ ಗ್ಲಾಸ್ ಬಟ್ಟೆ ಬೇಕು, ಯಾಕಂದ್ರೆ ಆ ಮ್ಯಾಟಿನ ಎಳೆ ಹಿಡಿದಿರೋ ಅಂಟು ಕರಗೋದು ಸ್ಟೈರೀನಲ್ಲಿ, ಎಪಾಕ್ಸಿಲಿ ಸ್ಟೈರೀನ್ ಇರಲ್ಲ.

ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳ್ಬೇಕು. ಅಂಗಡಿಲಿ ರೆಸಿನ್, ಕೋಬಾಲ್ಟ್, ಕ್ಯಾಟಲಿಸ್ಟ್ ಅಂತ ಮೂರು ಬೇರೆ ಬೇರೆ ಬಾಟ್ಲಿ ಕೊಡ್ತಾರೆ, ಕೊನೇ ಎರಡೂ ರೆಸಿನ್ನನ್ನ ಗಟ್ಟಿ ಮಾಡೋಕೆ. ಕೋಬಾಲ್ಟ್ ಮತ್ತೆ ಕ್ಯಾಟಲಿಸ್ಟ್ ಎರಡನ್ನೇ ನೇರವಾಗಿ ಯಾವತ್ತೂ ಸೇರಿಸ್ಬೇಡಿ, ಬೆಂಕಿ ಹತ್ತುತ್ತೆ, ಸಿಡಿಯಲೂಬಹುದು. ಮೊದ್ಲು ಕೋಬಾಲ್ಟನ್ನ ರೆಸಿನ್ ಒಳಗೆ ಪೂರ್ತಿ ಕಲಸಿ, ಆಮೇಲೆ ಕ್ಯಾಟಲಿಸ್ಟ್, ಅದೂ ರೆಸಿನ್ನಿನ ನೂರಕ್ಕೆ 1-2 ಭಾಗ ಅಷ್ಟೇ. ಆ ಕ್ಯಾಟಲಿಸ್ಟ್ ಕಣ್ಣಿಗೆ ಹಾರಿದ್ರೆ ಕಣ್ಣೇ ಹೋಗಬಹುದು. ಮಕ್ಕಳಿರೋ ಮನೇಲಿ ಬಾಟ್ಲಿ ಎಲ್ಲಿಡ್ತೀರಿ ಅಂತ ಮೊದ್ಲೇ ಯೋಚ್ನೆ ಮಾಡ್ರಿ.

ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ತಗಡಿನ ಪ್ಯಾಚ್, ಅರಾಲ್ಡೈಟ್ ಅನ್ನೋ ಎಪಾಕ್ಸಿ ಅಂಟು ಮತ್ತೆ ರಿವಿಟ್. ಡೋರಿನ ಕೆಳಭಾಗಕ್ಕೆ ಮನೇಲಿ ಮಾಡೋರು ಇದನ್ನೇ ಮಾಡ್ಲಿ ಅಂತೀನಿ. 22 ಗೇಜ್ ತಗಡು ಸಾಕು, ಕಾರಿನ ಬಾಡಿ ತಗಡೂ ಹತ್ತಿರ ಹತ್ತಿರ ಅಷ್ಟೇ ದಪ್ಪ, 0.7ರಿಂದ 0.8 ಎಂಎಂ. ಇಲ್ಲಿ ಬೆಂಕಿ ಕೆಲಸ ಇಲ್ದೇ ಇರೋದ್ರಿಂದ ಜಿಐ ತಗಡು, ಅಂದ್ರೆ ಸತು ಲೇಪನದ ತಗಡು ಹಾಕಬಹುದು, ಅದರ ಸತು ತುಕ್ಕಿಗೆ ತಡೆ ಆಗುತ್ತೆ. ತೂತಿಗಿಂತ ಸುತ್ತ ಮುಕ್ಕಾಲು ಇಂಚು ದೊಡ್ಡದಾಗಿ ಕತ್ತರಿಸಿ, ಮೂಲೆ ದುಂಡಗೆ ಮಾಡಿ, ಡೋರಿನ ತೂತಿನ ಅಂಚನ್ನ ಸಣ್ಣ ಸುತ್ತಿಗೆಲಿ ಮೆಲ್ಲಗೆ ಒಳಕ್ಕೆ ತಟ್ಟಿದ್ರೆ ಪ್ಯಾಚ್ ಆ ತಗ್ಗಲ್ಲಿ ಕೂತ್ಕೊಳ್ಳುತ್ತೆ, ಮೇಲೆ ಪಟ್ಟಿ ತೆಳ್ಳಗೆ ಸಾಕಾಗುತ್ತೆ. ಎರಡೂ ಮುಖ ಒರಟಾಗಿ ಉಜ್ಜಿ, ಥಿನ್ನರಲ್ಲಿ ಒರೆಸಿ, ಅರಾಲ್ಡೈಟ್ ಹಚ್ರಿ, ಬೇಗ ಸೆಟ್ ಆಗೋದಲ್ಲ, ರಾತ್ರಿ ಪೂರ್ತಿ ಬೇಕಾಗೋದು, ಹಿಡಿತ ಅದರದ್ದೇ ಜಾಸ್ತಿ. ರಿವಿಟ್ ಕೆಲಸ ಬರೀ ಹಿಡ್ಕೊಳ್ಳೋದು, ನೀರು ತಡೆಯೋದು ಅಂಟು, ಹಂಗಾಗಿ ಅಂಚಿನ ಸುತ್ತ ಎಲ್ಲೂ ಖಾಲಿ ಬಿಡದಂಗೆ ಅಂಟು ಸ್ವಲ್ಪ ಹೊರಗೆ ಉಕ್ಕಿ ಬರ್ಬೇಕು, ರಿವಿಟ್ಟಿನ ತಲೆ ತೂತಿಗೂ ಒಂದು ಚುಕ್ಕೆ. ಪ್ಯಾಚ್ ಹಾಕೋವಾಗ ಕೆಳಗಿನ ನೀರು ಇಳಿಯೋ ತೂತು ಮುಚ್ಚಿದ್ರೆ ಮಾಡಿದ್ದೆಲ್ಲ ವೇಸ್ಟ್. ಒಳಗಡೆ ಡೋರ್ ಪ್ಯಾಡ್ ಬಿಚ್ಚಿ ಎಪಾಕ್ಸಿ ಪ್ರೈಮರ್ ಹೊಡೀಬಹುದು, ಪೇಂಟ್ ಸುಟ್ಟಿರಲ್ಲ, ತಗಡು ಬಗ್ಗಿರಲ್ಲ. ಕಷ್ಟ ಅಂದ್ರೆ ಡೋರಿನ ಉಬ್ಬು ಗೆರೆ ಇರೋ ಕಡೆ ತಗಡನ್ನ ಅದೇ ಆಕಾರಕ್ಕೆ ತರೋದು, ಅದಕ್ಕೆ ತಾಳ್ಮೆ ಬೇಕು, ಹರಿಹರದ ಕಡೆ ಕಾರ್ಖಾನೆಲಿ ಕೆಲಸ ಮಾಡಿದ ಹಿರಿಯರು ಪರಿಚಯ ಇದ್ರೆ ಒಂದು ಸಲ ಕೂರಿಸ್ಕೊಂಡು ಕಲೀರಿ, ತಗಡಿಗೆ ಎಲ್ಲಿ ಪೆಟ್ಟು ಹಾಕ್ಬೇಕು ಅಂತ ಅವರ ಕೈಗೆ ಗೊತ್ತಿರುತ್ತೆ.

ವೆಲ್ಡಿಂಗ್ ಮನೇಲಿ ನಾನು ಮಾಡಲ್ಲ, ಮಾಡಿ ಅಂತ ಹೇಳೋದೂ ಇಲ್ಲ. ಆದ್ರೆ ಡೋರ್ ಕೆಳಗಿನ ಬಾಕ್ಸ್ ಥರದ ಸಿಲ್, ಜಾಕ್ ಕೊಡೋ ಜಾಗ, ಸೀಟ್ ಬೆಲ್ಟ್ ಬೋಲ್ಟ್ ಕೂರೋ ಜಾಗ, ಸಸ್ಪೆನ್ಷನ್ ಹಿಡಿದಿರೋ ಜಾಗ, ಇಲ್ಲಿ ತೂತಾದ್ರೆ ಮೇಲೆ ಹೇಳಿದ ಯಾವ್ದೂ ಬೇಡ, ವೆಲ್ಡಿಂಗೇ ಆಗ್ಬೇಕು, ಅದು ಜೀವದ ಪ್ರಶ್ನೆ. ನನ್ನ ಗಾಡಿ ಸಿಲ್ ಟಿಂಕರಿಂಗ್ ಭಾಯ್ ಹತ್ರ ಸಿಒಟು ವೆಲ್ಡಿಂಗಲ್ಲಿ (ಕಾರ್ಬನ್ ಡೈಆಕ್ಸೈಡ್ ಗಾಳಿ ಬಿಟ್ಟು ತಂತಿಲಿ ಮಾಡೋ ಬೆಸುಗೆ) ಮಾಡಿಸ್ದೆ. ಒಂದು ಚುಕ್ಕೆ ಇಲ್ಲಿ, ಇನ್ನೊಂದು ಅಷ್ಟು ದೂರ, ಆರೋಕೆ ಬಿಟ್ಟು ಮತ್ತೆ ನಡುವೆ ಒಂದು, ಹಿಂಗೆ ಹಾಕ್ತಿದ್ರು. ಯಾಕೆ ಭಾಯ್ ಒಂದೇ ಸಲ ಎಳೀಬಾರ್ದಾ ಅಂದೆ. "ತಗಡು ತೆಳ್ಳಗೈತೆ ಸರ್, ಒಂದೇ ಸಮ ಎಳದ್ರೆ ಹಪ್ಪಳದಂಗೆ ಎದ್ದೇಳ್ತದೆ" ಅಂದ್ರು. ಮಾಮೂಲಿ ಗ್ರಿಲ್ ಮಾಡೋ ಕಡ್ಡಿ ವೆಲ್ಡಿಂಗಲ್ಲಿ ಈ ತಗಡು ಸುಟ್ಟು ತೂತು ದೊಡ್ಡದಾಗೋದೇ ಜಾಸ್ತಿ, ಗ್ಯಾಸ್ ವೆಲ್ಡಿಂಗಲ್ಲಿ ಶಾಖ ಅಗಲಕ್ಕೆ ಹರಡಿ ತಗಡು ಬಗ್ಗುತ್ತೆ. ಜಿಐ ತಗಡು ವೆಲ್ಡಿಂಗಿಗೆ ಕೊಡ್ಬೇಡಿ, ಸತುವಿನ ಹೊಗೆ ಕುಡಿದ್ರೆ ಜ್ವರ ಬರುತ್ತೆ. ಬ್ಯಾಟರಿ ಬಿಚ್ಚಿಸಿ, ಸೀಟು ಮ್ಯಾಟು ತೆಗೆಸಿ, ಪೆಟ್ರೋಲ್ ಪೈಪ್ ಎಲ್ಲಿ ಹೋಗಿದೆ ನೋಡ್ಕೊಂಡೇ ಶುರು ಮಾಡಿಸ್ರಿ, ಎಲ್‌ಪಿಜಿ ಕಿಟ್ ಇರೋ ಓಮ್ನಿ ಆದ್ರೆ ಸಿಲಿಂಡರ್ ಇಳಿಸೋವರೆಗೂ ಗ್ರೈಂಡರ್ ಕೂಡ ಹತ್ರ ತರಬೇಡಿ.

ವೆಲ್ಡಿಂಗ್ ಮಾಡಿಸಿ ಹಂಗೇ ಬಿಟ್ರೆ ಅದೂ ಉಳಿಯಲ್ಲ, ಬೆಂಕಿಗೆ ಒಳಗಿನ ಪೇಂಟ್ ಸುಟ್ಟಿರುತ್ತೆ, ಬೆಸುಗೆ ಪಕ್ಕದಲ್ಲೇ ಹೊಸ ತುಕ್ಕು ಹುಟ್ಟುತ್ತೆ. ಕೆಲವರು ಇಂಜಿನ್ನಿಂದ ಇಳಿಸಿದ ಕಪ್ಪು ಆಯಿಲನ್ನೇ ಒಳಗೆ ಹೊಡೀತಾರೆ, ಅದು ಹರಿದು ಹೋಗುತ್ತೆ, ರಬ್ಬರ್ ಬೀಡಿಂಗ್ ಉಬ್ಬುತ್ತೆ, ವಾಸನೆ ಬೇರೆ. ಉದ್ದ ನಳಿಗೆ ಇರೋ ಕ್ಯಾವಿಟಿ ವ್ಯಾಕ್ಸ್ ಸ್ಪ್ರೇ ತರಿಸಿ ಸಿಲ್ ಒಳಗೆ, ಡೋರ್ ಒಳಗೆ ಹೊಡೆದಿದೀನಿ, ಸಂದಿಗೆಲ್ಲ ಹರಿದು ಅಲ್ಲೇ ಮೇಣದಂಗೆ ನಿಲ್ಲುತ್ತೆ.

ಬಲಗಡೆ ವೀಲ್ ಆರ್ಚ್ ಇನ್ನೂ ಬಾಕಿ ಐತೆ, ಹೆಬ್ಬೆರಳಷ್ಟು ತೂತು, ಟೈರ್ ಬಿಚ್ಚಿದ್ರೆ ಹಿಂದಗಡೆ ಕೈ ಚೆನ್ನಾಗಿ ಹೋಗುತ್ತೆ. ಅದಕ್ಕೆ ತಗಡು ಅರಾಲ್ಡೈಟೇ, ಹಿಂದಗಡೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಅಂಡರ್ ಬಾಡಿ ಕೋಟಿಂಗ್, ಭತ್ತ ನಾಟಿ ಶುರುವಾಗಿ ಗಾಡಿ ಮತ್ತೆ ಕೆಸರಿಗೆ ಇಳಿಯೋದ್ರೊಳಗೆ ಮುಗಿಸ್ಬೇಕು.