ಪೇಟೆಂಟ್ ಹಾಕ್ಸೋ ಆಫೀಸು: ಡ್ರಾಯಿಂಗ್ ಚಲೋ, ಬರವಣಿಗೆ ಪೊಳ್ಳು (5ಕ್ಕೆ 2 ಸ್ಟಾರ್)

ದಾವಣಗೆರೆ ಪಿ.ಜೆ. ಬಡಾವಣೆ ಕಡೆ ಇರೋ ಒಂದು ಆಫೀಸು, ಹೆಸರು ಬ್ಯಾಡ ಬಿಡ್ರಿ. ನಮ್ದು ಮಂಡಕ್ಕಿ ಭಟ್ಟಿ, ಉಸುಕು ಒಂದೇ ಸಮ ಕಾಯೋ ಹಂಗೆ ಒಲೆಗೆ ಹೊಟ್ಟು ತಾನೇ ಬೀಳೋ ಫೀಡರ್ ಒಂದು ಮಾಡ್ಕೊಂಡಿದ್ವಿ, ಅದಕ್ಕೆ ಪೇಟೆಂಟ್ ಹಾಕ್ಸೋಣ ಅಂತ ಹೋಗಿದ್ದೆ. ಡ್ರಾಯಿಂಗ್ ಸಖತ್ ಮಾಡಿದ್ರು, ಸರ್ಕಾರದ ಫೀಸು 1600 ಅಂತ ರಸೀದಿ ಸಮೇತ ತೋರಿಸಿದ್ರು, ಅದ್ರಲ್ಲಿ ಮೋಸ ಇಲ್ಲ.

ಎಡವಟ್ಟಾಗಿದ್ದು ಬರವಣಿಗೆಲಿ. ಉಸುಕು ಯಾವ ಹೊತ್ತಿಗೆ ಎಷ್ಟು ಕಾದಿತ್ತು, ಫೀಡರ್ ಸ್ಕ್ರೂ ಎಷ್ಟು ಓರೆ ಇಟ್ರೆ ಹೊಟ್ಟು ಕಟ್ಕೊಳಲ್ಲ, ಮೂರು ತಿಂಗಳ ರೀಡಿಂಗ್ ನನ್ನ ನೋಟ್‌ಬುಕ್‌ನಲ್ಲಿತ್ತು. "ಅಷ್ಟೆಲ್ಲ ಹಾಕಬ್ಯಾಡ್ರಿ ಸರ್, ಕಾಪಿ ಹೊಡೀತಾರೆ" ಅಂದು "ಸೂಕ್ತ ಶಾಖದಲ್ಲಿ" ಅಂತ ಬರೆದು ಮುಗಿಸಿದ್ರು. ಅಲ್ರೀ, 20 ವರ್ಷ ಹಕ್ಕು ಕೊಡೋದೇ ಎಲ್ಲಾ ಬಿಚ್ಚಿ ಹೇಳಿದ್ದಕ್ಕೆ, ನಮಗೆ ಗೊತ್ತಿರೋ ಒಳ್ಳೆ ವಿಧಾನನೇ ಬರೀಬೇಕು ಅಂತ ಪೇಟೆಂಟ್ ಕಾಯ್ದೆ ಸೆಕ್ಷನ್ 10(4)ರಲ್ಲೇ ಐತೆ.

ಚೆನ್ನೈ ಪೇಟೆಂಟ್ ಆಫೀಸಿಂದ ಆಕ್ಷೇಪಣೆ ಬಂತು, ಕಸುಬು ಗೊತ್ತಿದ್ದೋನೂ ಇದನ್ನ ಓದಿ ಮಾಡೋಕಾಗಲ್ಲ ಅಂತ. ಉತ್ತರ ಕೊಡೋಕೆ 6 ತಿಂಗಳು, ಇವ್ರು ನಂಗೆ ಹೇಳಿದ್ದು ನಾಲ್ಕನೇ ತಿಂಗಳಲ್ಲಿ! ಈಗ ರೀಡಿಂಗ್ ಸೇರಿಸೋಣ ಅಂದ್ರೆ ಸೆಕ್ಷನ್ 59 ಅಡ್ಡ, ಮೊದ್ಲು ಹೇಳದೇ ಇದ್ದಿದ್ದನ್ನ ಆಮೇಲೆ ತುರುಕೋ ಹಂಗಿಲ್ಲ.

ಇವ್ರ ಉತ್ತರ ಏನು ಗೊತ್ತಾ, "ಕಸುಬಿನವರಿಗೆ ಗೊತ್ತಿರುತ್ತದೆ", ಒಂದೇ ಸಾಲು, ಪ್ರೂಫ್ ನಾಸ್ತಿ. ಅಮೆರಿಕದಲ್ಲಾದ್ರೆ ಯಾಕೆ ಮಾಡೋಕಾಗಲ್ಲ ಅಂತ ಮೊದ್ಲು ಅರ್ಜಿ ಪರಿಶೀಲಿಸೋ ಎಕ್ಸಾಮಿನರ್ರೇ ಕಾರಣ ಕೊಡ್ಬೇಕು, ಆಮೇಲೆ ಸಾಬೀತು ಮಾಡೋ ಭಾರ ನಮ್ಮ ತಲೆಗೆ ಬರುತ್ತೆ. ವಿಪರೀತ ಪ್ರಯೋಗ ಬೇಕಾಗುತ್ತಾ, ಆ ಕಸುಬಿನೋರ ಮಟ್ಟ ಎಂಥದ್ದು ಅಂತೆಲ್ಲ 1988ರ ವಾಂಡ್ಸ್ ಅನ್ನೋ ಅಲ್ಲಿನ ಕೋರ್ಟ್ ಕೇಸಿನ ಪ್ರಕಾರ ತೂಗಿ ನೋಡ್ತಾರೆ. ನಮ್ಮಲ್ಲೂ ಬೇರೆಯೋರು ತಕರಾರು ಹಾಕಿದ್ರೆ ವಿವರಣೆ ಸಾಲದು ಅನ್ನೋದಕ್ಕೆ ಅವರೇ ಸಾಕ್ಷಿ ತರ್ಬೇಕು. ಆದ್ರೆ ಕಾರಣ ಕೊಟ್ಟು ಕೇಳಿದ ಮೇಲೂ ಸುಮ್ನೆ ಬಾಯಿಮಾತಲ್ಲಿ ಸಾಗಹಾಕಿದ್ರೆ ಯಾರು ಕೇಳ್ತಾರೆ?

ನಮ್ಮ ಮಾವ 30 ವರ್ಷ ಭಟ್ಟಿ ಮುಂದೆ ಕುಂತೋರು, ಒಂದು ಹಿಡಿ ಅಕ್ಕಿ ಎಸೆದು ಅರಳೋ ಸದ್ದಲ್ಲೇ ಉಸುಕಿನ ಹದ ಹೇಳ್ತಾರೆ. ಬರೀ ನಮ್ಮ ಡ್ರಾಯಿಂಗು, ಆಫೀಸ್ನೋರು ಬರೆದ ಆ ಕಾಗದ ಕೊಟ್ಟು ಅವ್ರ ಹತ್ರ ಫೀಡರ್ ಕಟ್ಟಿಸಿ, ಅದನ್ನೇ ಅಫಿಡವಿಟ್ ಮಾಡಿಸಿದ್ರೆ ಅದಕ್ಕಿಂತ ಸಾಕ್ಷಿ ಬೇಕಾ? ಇದು ಏಜೆಂಟರಿಗೆ ಹೊಳೀಲೇ ಇಲ್ಲ, ನಾನೇ ಹೇಳ್ಬೇಕಾತು. ಮಾವ ಈಗ ಶೆಡ್ಡಲ್ಲಿ ಕಟ್ತಾ ಅದಾರೆ, ಸ್ಕ್ರೂ ಓರೆ ಎಷ್ಟು ಅಂತ ದಿನಾ ಕೇಳ್ತಾರೆ, ನಾನು ಬಾಯಿ ಬಿಡೋ ಹಂಗಿಲ್ಲ.