ಪಾಪ್‌ಬಯೋ: ಬಿಟ್ಟಿ ಸಾಫ್ಟ್‌ವೇರ್, 55 ಸಾಲಿನ ಆಮೆ ಲೆಕ್ಕ

ನಾನು ಕುಮಟಾ ಕಡೆಯ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಪ್ರಾಣಿಶಾಸ್ತ್ರಕ್ಕೂ ನನಗೂ ದೂರದ ಸಂಬಂಧ. ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಬಂದು, "ಮೇಡಂ, ಮರಳು ಬಿಸಿಯಾದರೆ ಕಡಲಾಮೆ ಮರಿಗಳೆಲ್ಲ ಹೆಣ್ಣೇ ಆಗುತ್ತವಂತೆ. ಇದನ್ನು ಪ್ರಾಜೆಕ್ಟ್ ಮಾಡಬಹುದಾ?" ಅಂದಳು. ಅವಳ ಮನೆ ಹೊನ್ನಾವರದ ಕಾಸರಕೋಡಿನಲ್ಲಿ. ಅಲ್ಲಿನ ದಂಡೆಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಹೂಂ ಅಂದೆ. ಆಮೇಲೆ ಸಾಫ್ಟ್‌ವೇರ್ ಹುಡುಕಲು ಕೂತೆವು.

ನಮ್ಮ ಲ್ಯಾಬಿನ ಕಂಪ್ಯೂಟರಿನಲ್ಲಿ 4 ಜಿಬಿ ರ್‍ಯಾಮ್. ದುಡ್ಡು ಕೊಡುವ ಮಾತೇ ಇಲ್ಲ. ಹಾಗಾಗಿ ಸಿಕ್ಕಿದ್ದು ಪಾಪ್‌ಬಯೋ. ಪ್ರಾಣಿಗಳ ಸಂಖ್ಯೆ ಮುಂದೆ ಏರುತ್ತದೋ ಇಳಿಯುತ್ತದೋ ಅಂತ ಲೆಕ್ಕ ಹಾಕುವ ಪ್ಯಾಕೇಜ್ ಇದು, ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯೊಳಗೆ ಕೂರುತ್ತದೆ. ಕ್ರಿಸ್ ಸ್ಟಬ್ಬೆನ್ ಮತ್ತು ಬ್ರೂಕ್ ಮಿಲಿಗನ್ ಮಾಡಿದ್ದು, 2007ರಲ್ಲಿ ಇದರ ಬಗ್ಗೆ ಲೇಖನ ಬರೆದರು. ಆರ್ ಕೂಡ ಬಿಟ್ಟಿ, ಇದೂ ಬಿಟ್ಟಿ. ಒಂದೇ ಸಾಲು ಬರೆದರೆ ಇಳಿಯುತ್ತದೆ. ಮಧ್ಯದಲ್ಲಿ ಎರಡು ಸಲ ನೆಟ್ ಹೋಯಿತು, ಆದರೂ ಚಹಾ ಆರುವುದರೊಳಗೆ ಕೆಲಸ ಮುಗಿದಿತ್ತು.

ಇದು ಮಾಡುವ ಕೆಲಸದ ಮೂಲ ಹಳೆಯದು. 1945ರಲ್ಲಿ ಆಕ್ಸ್‌ಫರ್ಡಿನ ಪ್ಯಾಟ್ರಿಕ್ ಲೆಸ್ಲಿ ಒಂದು ಸರಳ ದಾರಿ ತೋರಿಸಿದರು. ಪ್ರಾಣಿಗಳನ್ನು ವಯಸ್ಸಿನ ಪ್ರಕಾರ ಗುಂಪು ಮಾಡಿ. ಮ್ಯಾಟ್ರಿಕ್ಸ್ ಅಂದರೆ ಸಾಲು ಕಂಬಗಳಲ್ಲಿ ಜೋಡಿಸಿದ ಅಂಕಿಗಳ ಚೌಕ. ಅದರ ಮೊದಲ ಸಾಲಿನಲ್ಲಿ ಯಾವ ವಯಸ್ಸಿನ ಹೆಣ್ಣು ಎಷ್ಟು ಹಡೆಯುತ್ತದೆ ಅಂತ ಬರೆಯಿರಿ. ಅದರ ಕೆಳಗೆ ಓರೆಯಾಗಿ, ಮುಂದಿನ ವಯಸ್ಸಿಗೆ ಎಷ್ಟು ಪಾಲು ಬದುಕಿ ಹೋಗುತ್ತವೆ ಅಂತ. ಈ ವರ್ಷದ ಸಂಖ್ಯೆಗೆ ಗುಣಿಸಿದರೆ ಬರುವ ವರ್ಷದ ಸಂಖ್ಯೆ ಸಿಗುತ್ತದೆ. ಗುಣಿಸುತ್ತಾ ಹೋದರೆ ಕೊನೆಗೆ ಬೆಳವಣಿಗೆಯ ದರ ಒಂದು ಅಂಕಿಯಲ್ಲಿ ನಿಲ್ಲುತ್ತದೆ. ಅದೇ ಲ್ಯಾಮ್ಡಾ. 1ಕ್ಕಿಂತ ಜಾಸ್ತಿ ಇದ್ದರೆ ಸಂತಾನ ಬೆಳೆಯುತ್ತಿದೆ, ಕಮ್ಮಿ ಇದ್ದರೆ ಕರಗುತ್ತಿದೆ. ನಾವು ತರಗತಿಯಲ್ಲಿ ಐಗನ್ ಮೌಲ್ಯ ಅಂತ ಹೇಳಿ ಮಕ್ಕಳ ನಿದ್ದೆ ತರಿಸುತ್ತೇವಲ್ಲ, ಅದೇ ಇದು!

ಪಾಪ್‌ಬಯೋ ಜೊತೆ ಕೆಲವು ನಿಜವಾದ ಪ್ರಾಣಿಗಳ ಅಂಕಿಗಳೂ ಬರುತ್ತವೆ. ಪಟ್ಟಿಯಲ್ಲಿ 'ಟಾರ್ಟಾಯ್ಸ್' ಅಂತ ನೋಡಿ ಹುಡುಗಿ ಕುಣಿದಳು. ತೆರೆದರೆ ಅಮೆರಿಕದ ಮರುಭೂಮಿ ಆಮೆ. ಅದಕ್ಕೆ ಕಡಲೇ ಗೊತ್ತಿಲ್ಲ. ಹಾಗಾಗಿ ಡೆಬೊರಾ ಕ್ರೌಸ್, ಲ್ಯಾರಿ ಕ್ರೌಡರ್, ಹಾಲ್ ಕ್ಯಾಸ್ವೆಲ್ 1987ರಲ್ಲಿ ಪ್ರಕಟಿಸಿದ ಲಾಗರ್‌ಹೆಡ್ ಕಡಲಾಮೆಯ ಮ್ಯಾಟ್ರಿಕ್ಸ್ ತೆಗೆದುಕೊಂಡೆವು. ಆಮೆಯ ವಯಸ್ಸು ನೋಡಿ ಹೇಳುವುದು ಕಷ್ಟ, ಅದಕ್ಕೆ ಅವರು ಏಳು ಹಂತ ಮಾಡಿದ್ದರು. ಮೊಟ್ಟೆಯಿಂದ 54 ವರ್ಷದ ಹಿರಿಯಮ್ಮನವರೆಗೆ. ಅದರಲ್ಲಿ ಹೆಣ್ಣು ಮೊದಲ ಸಲ ಮೊಟ್ಟೆ ಇಡುವುದು 22ನೇ ವರ್ಷಕ್ಕೆ.

ಟೈಪ್ ಮಾಡಿ ಎಂಟರ್ ಒತ್ತಿದರೆ ಲ್ಯಾಮ್ಡಾ 0.945 ಅಂತ ಬಂತು. ಅವರದ್ದೂ ಅದೇ ಅಂಕಿ. ಖುಷಿಯಾಯಿತು. ಮೊಟ್ಟೆಗಳು ನೂರಕ್ಕೆ ನೂರು ಉಳಿದವು ಅಂತ ಬದಲಾಯಿಸಿದೆವು. 0.965. ಅಷ್ಟೇ! ದೊಡ್ಡ ಮರಿಗಳು ಬದುಕುವ ಪ್ರಮಾಣವನ್ನು 0.6758ರಿಂದ 0.77ಕ್ಕೆ ಏರಿಸಿದರೆ ಮಾತ್ರ ಕುಸಿತ ನಿಲ್ಲುತ್ತದೆ. ಗೂಡಿನ ಸುತ್ತ ಬಲೆ ಕಟ್ಟಿ ಕಾಯುವುದರ ಜೊತೆಗೆ, ದೊಡ್ಡ ಮರಿಗಳು ಸಿಕ್ಕಿ ಸಾಯುವ ಸಿಗಡಿ ಬಲೆಯಿಂದ ಆಮೆ ಪಾರಾಗುವ ಕಿಂಡಿ ಯಾಕೆ ಬೇಕು ಅಂತ ಇದರಲ್ಲೇ ಗೊತ್ತಾಗುತ್ತದೆ. ನಮ್ಮಲ್ಲಿ ಶೆಟ್ಲಿ ಅನ್ನುತ್ತೇವೆ, ಅದೇ ಸಿಗಡಿ. ಯಾವ ಅಂಕಿ ಬದಲಾದರೆ ಲ್ಯಾಮ್ಡಾ ಎಷ್ಟು ಅಲುಗುತ್ತದೆ ಅಂತ ಹೇಳುವ ಎಲಾಸ್ಟಿಸಿಟಿ ಫಂಕ್ಷನ್ ಈ ಇಡೀ ಕಥೆಯನ್ನು ಒಂದೇ ಸಾಲಿನಲ್ಲಿ ಕೊಡುತ್ತದೆ. ಇಲ್ಲಿಯವರೆಗೆ ಐದಕ್ಕೆ ಐದು.

ಬಿಸಿಲು ಸೇರಿಸಿದ ಮೇಲೆ ತಲೆಬಿಸಿ ಶುರುವಾಯಿತು.

ಕಡಲಾಮೆ ಮರಿ ಗಂಡೋ ಹೆಣ್ಣೋ ಅನ್ನುವುದನ್ನು ಗೂಡಿನ ಮರಳಿನ ಬಿಸಿ ತೀರ್ಮಾನ ಮಾಡುತ್ತದೆ. ಸುಮಾರು 29 ಡಿಗ್ರಿಯ ಹತ್ತಿರ ಅರ್ಧ ಅರ್ಧ. ಅದಕ್ಕಿಂತ ಬಿಸಿಯಾದರೆ ಹೆಣ್ಣು ಜಾಸ್ತಿ. ತುಂಬಾ ಬಿಸಿಯಾದರೆ ಮೊಟ್ಟೆಯೇ ಬೇಯುತ್ತದೆ, ಆ ಮಾತು ಬೇರೆ. ಈ ಮ್ಯಾಟ್ರಿಕ್ಸಿನಲ್ಲಿ ಎಣಿಸುವುದು ಹೆಣ್ಣನ್ನು ಮಾತ್ರ. ಹುಟ್ಟುವ ಮರಿಗಳಲ್ಲಿ ಅರ್ಧ ಹೆಣ್ಣು ಅಂತ ಮೊದಲೇ ಹಿಡಿದಿರುತ್ತಾರೆ. ನಾವು ಆ ಅರ್ಧವನ್ನು 99 ಪರ್ಸೆಂಟ್ ಮಾಡಿದೆವು. ಲ್ಯಾಮ್ಡಾ 0.945ರಿಂದ 0.98ಕ್ಕೆ ಏರಿತು!

"ಮೇಡಂ, ಹಾಗಾದ್ರೆ ಬಿಸಿ ಒಳ್ಳೇದೇ ಅಲ್ವಾ?" ಅಂದಳು ಹುಡುಗಿ. ನಾನೂ ಒಂದು ನಿಮಿಷ ಸುಮ್ಮನಾದೆ. ಆಮೇಲೆ ಹೊಳೆಯಿತು. ಗಂಡು ಎಲ್ಲಿದೆ? ಈ ಲೆಕ್ಕಕ್ಕೆ ಗಂಡು ಅನ್ನುವುದೇ ಗೊತ್ತಿಲ್ಲ. ಕೊನೆಯ ಗಂಡಾಮೆ ಸತ್ತ ಮೇಲೂ ಅದು ತನ್ನ ಪಾಡಿಗೆ ಮೊಟ್ಟೆ ಇಡಿಸುತ್ತಲೇ ಇರುತ್ತದೆ. ಪ್ಯಾಕೇಜ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಅದರ ತಪ್ಪಲ್ಲ ಬಿಡಿ. ನಾವು ಕೊಟ್ಟ ಮ್ಯಾಟ್ರಿಕ್ಸನ್ನು ಅದು ಗುಣಿಸಿತು, ಅಷ್ಟೇ.

ಎರಡನೇ ಪೆಟ್ಟು ಇನ್ನೂ ಸೂಕ್ಷ್ಮವಾಗಿತ್ತು. ಏಳು ಹಂತದ ಮ್ಯಾಟ್ರಿಕ್ಸಿನಲ್ಲಿ ಪ್ರತಿ ವರ್ಷ ಪ್ರತಿ ಹಂತದಿಂದ ಒಂದಷ್ಟು ಪಾಲು ಮುಂದಿನ ಹಂತಕ್ಕೆ ದಾಟುತ್ತದೆ. ಹಾಗಾಗಿ ಲೆಕ್ಕದಲ್ಲಿ ಒಂದು ಚೂರು ಪಾಲು ಮೊಟ್ಟೆ ನಾಲ್ಕೇ ವರ್ಷದಲ್ಲಿ ತಾಯಿಯಾಗಿಬಿಡುತ್ತದೆ. ಲ್ಯಾಮ್ಡಾ ಕಂಡುಹಿಡಿಯುವವರಿಗೆ ಇದು ದೊಡ್ಡ ತೊಂದರೆಯಲ್ಲ. ಆದರೆ ನಮ್ಮ ಪ್ರಶ್ನೆಯೇ 'ಯಾವಾಗ' ಅನ್ನುವುದು. ಇವತ್ತು ಬಿಸಿ ಮರಳಿನಲ್ಲಿ ಹುಟ್ಟಿದ ಹೆಣ್ಣು ದಂಡೆಗೆ ಮೊಟ್ಟೆ ಇಡಲು ಬರುವುದು ಯಾವಾಗ? ನಮ್ಮ ಗ್ರಾಫ್ ಐದನೇ ವರ್ಷಕ್ಕೇ ಅಂದಿತು. ಸುಳ್ಳು.

ಹಾಗಾಗಿ ಹಂತ ಬಿಟ್ಟು ಲೆಸ್ಲಿ ಹೇಳಿದ ಹಾಗೆ ಒಂದೊಂದು ವರ್ಷಕ್ಕೂ ಒಂದು ಸಾಲು ಹಾಕಿದೆವು. 55 ಸಾಲು, 55 ಕಂಬ. ಕೈಯಲ್ಲಿ ಟೈಪ್ ಮಾಡಬೇಡಿ, ನಾಲ್ಕು ಸಾಲಿನ ಕೋಡ್ ಸಾಕು. ನಮ್ಮ ಬಡ ಕಂಪ್ಯೂಟರ್ ಇದನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿತು. ಈಗ ಸರಿಯಾಯಿತು. ಮೊದಲ 21 ವರ್ಷ ದಂಡೆಯ ತಾಯಂದಿರ ಎಣಿಕೆಗೆ ಬಿಸಿ ತಾಗುವುದೇ ಇಲ್ಲ. ಮರಿಗಳಲ್ಲಿ ಮಾತ್ರ ಹೆಣ್ಣು ತುಂಬುತ್ತಾ ಹೋಗುತ್ತದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಉತ್ತರ ಭಾಗದ ಹಸಿರು ಆಮೆಗಳಲ್ಲಿ 2018ರಲ್ಲಿ ಇಂಥದ್ದೇ ಕಂಡಿತ್ತು. ದೊಡ್ಡವುಗಳಲ್ಲಿ ಹೆಣ್ಣು 86.8 ಪರ್ಸೆಂಟ್, ಮರಿಗಳಲ್ಲಿ 99.1.

ಇಲ್ಲಿ ಪಾಪ್‌ಬಯೋದ ಮಿತಿ ಹೇಳಲೇಬೇಕು. ಮುಂದಿನ ವರ್ಷಗಳನ್ನು ತೋರಿಸುವ ಪಾಪ್ ಪ್ರೊಜೆಕ್ಷನ್ ಫಂಕ್ಷನ್‌ಗೆ ಒಂದೇ ಮ್ಯಾಟ್ರಿಕ್ಸ್ ಕೊಡಬೇಕು. ಅದೇ ಕೊನೆವರೆಗೂ. ನೀವು ಹೇಳದಿದ್ದರೆ 20 ಸುತ್ತಿಗೆ ನಿಲ್ಲುತ್ತದೆ. 22ಕ್ಕೆ ತಾಯಿಯಾಗುವ ಪ್ರಾಣಿಗೆ 20! ಹಲವು ಮ್ಯಾಟ್ರಿಕ್ಸ್ ಕೊಟ್ಟು ಚೀಟಿ ಎತ್ತಿದ ಹಾಗೆ ಆರಿಸುವ ಇನ್ನೊಂದು ಫಂಕ್ಷನ್ ಇದೆ. ಒಂದು ವರ್ಷ ಮಳೆ ಒಂದು ವರ್ಷ ಬರ ಅನ್ನುವ ಥರದ ಲೆಕ್ಕಕ್ಕೆ ಅದು ಚೆನ್ನ. ಆದರೆ ವರ್ಷ ವರ್ಷ ಬಿಸಿ ಏರುತ್ತಾ ಹೋಗುವುದಕ್ಕೆ ನೀವೇ ಫಾರ್ ಲೂಪ್, ಅಂದರೆ ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸುವ ಕೋಡ್, ಬರೆಯಬೇಕು. ಪ್ರತಿ ಸುತ್ತಿಗೂ ಮೊದಲ ಸಾಲನ್ನು ಬದಲಿಸಬೇಕು. ನಾವು ಮರಳು ವರ್ಷಕ್ಕೆ 0.03 ಡಿಗ್ರಿ ಏರುತ್ತದೆ ಅಂತ ಸುಮ್ನೆ ಊಹಿಸಿಕೊಂಡು ಮಾಡಿದೆವು. ಕೋಡ್ ಬರೆದ ಅಭ್ಯಾಸ ಇಲ್ಲದವರಿಗೆ ಇಲ್ಲೇ ಕೈ ಸೋಲುತ್ತದೆ. ಸಹಾಯದ ಪುಟಗಳೂ ತೀರಾ ಚುಟುಕು, ಗಣಿತ ಗೊತ್ತಿದ್ದವರಿಗೆ ಬರೆದದ್ದು.

ಕಿಟಕಿ, ಬಟನ್ನು ಬೇಕು ಅನ್ನುವವರು ವೋರ್ಟೆಕ್ಸ್ ನೋಡಬಹುದು. ಅದೂ ಬಿಟ್ಟಿ. ಅದು ಒಂದೊಂದು ಪ್ರಾಣಿಯನ್ನೂ ಬೇರೆ ಬೇರೆಯಾಗಿ, ಗಂಡು ಹೆಣ್ಣು ಎರಡನ್ನೂ ಓಡಿಸುತ್ತದೆ. ನನಗೆ ಮಾತ್ರ ಪಾಪ್‌ಬಯೋ ಇಷ್ಟ. ಮ್ಯಾಟ್ರಿಕ್ಸ್ ಕಣ್ಣೆದುರಿಗೇ ಇರುತ್ತದೆ, ತಪ್ಪು ಎಲ್ಲಿ ಅಂತ ಬೆರಳಿಟ್ಟು ತೋರಿಸಬಹುದು. ಪಾಠಕ್ಕೆ ಐದಕ್ಕೆ ಐದು, ಹವಾಮಾನದ ಲೆಕ್ಕಕ್ಕೆ ಮೂರೂವರೆ.

ಕೊನೆಗೆ ಗಂಡುಗಳಿಗೂ ಒಂದು 55 ಸಾಲು ಹಾಕಿದೆವು. ಒಂದು ಗಂಡು ಎಷ್ಟು ಹೆಣ್ಣುಗಳಿಗೆ ಸಾಕು ಅನ್ನುವ ಅಂಕಿ ಬೇಕಿತ್ತು. ನಮ್ಮ ದಂಡೆಯಲ್ಲೇ ಎಣಿಸಿದರಾಯಿತು ಅಂತ ಕಾಸರಕೋಡಿಗೆ ಹೋದೆ. ಹುಡುಗಿಯ ಅಜ್ಜ ಬಲೆ ಹೊಲಿಯುತ್ತಾ ಕೂತಿದ್ದರು. ನನ್ನ ಮಾತು ಕೇಳಿ ನಕ್ಕರು. "ಅಕ್ಕೋರೇ, ಮರಿ ಇರೂವಾಗ ನೀರಿಗೆ ಇಳಿದ ಗಂಡಾಮೆ ಮತ್ತೆ ದಡ ಹತ್ತೂದೇ ಇಲ್ಲ. ನೀವು ಎಣಿಸೂದು ಹ್ಯಾಂಗೆ?"

ನಮ್ಮ ಕೋಡಿನಲ್ಲಿ ಆ ಜಾಗ ಇನ್ನೂ ಖಾಲಿ ಇದೆ.